ಪೋಕೆಮಾನ್ ಗೋಲ್ಡ್, ಸಿಲ್ವರ್, ಕ್ರಿಸ್ಟಲ್: ಬ್ಯಾಟರಿ, ಗಡಿಯಾರ, ವಾರದ ದಿನಗಳು – ಪ್ರಶ್ನೆಗಳೆಲ್ಲ ಇಲ್ಲೇ ಇರಲಿ

ಮಲ್ಲಿಗೆ251:
ಗೇಮ್‌ಬಾಯ್ ಆಟ ಪೋಕೆಮಾನ್ ಸಿಲ್ವರ್‌ನ ಕಾರ್ಟ್ರಿಜ್. ಆಟ ಚೆನ್ನಾಗಿ ಶುರುವಾಗುತ್ತದೆ, ಸೇವ್ ಆಯಿತು ಎಂದೂ ತೋರಿಸುತ್ತದೆ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಬರೀ ನ್ಯೂ ಗೇಮ್. ಬ್ಯಾಟರಿ ಹೋಗಿದೆಯೋ, ಕಾರ್ಟ್ರಿಜ್ಜೇ ನಕಲಿಯೋ? ಬ್ಯಾಟರಿ ಬದಲಿಸಿದರೆ ಗಡಿಯಾರವೂ ಸರಿಹೋಗುತ್ತದಾ?

ಬೆಸುಗೆಕಡ್ಡಿ:
ನೀವು ಹೇಳಿದ ಲಕ್ಷಣ ಬ್ಯಾಟರಿಯದ್ದೇ. ಸೇವ್ ಇರುವುದು ಮೆಮೊರಿ ಚಿಪ್ ಆದ 32 ಕೆಬಿ ಎಸ್‌ರ‍್ಯಾಮ್‌ನಲ್ಲಿ. ಅದಕ್ಕೆ ಸದಾ ಕರೆಂಟ್ ಬೇಕು. ಗೇಮ್‌ಬಾಯ್ ಆಫ್ ಆದ ತಕ್ಷಣ ಒಳಗಿನ ಸಿಆರ್2025 ಸೆಲ್ ಆ ಕೆಲಸ ವಹಿಸಿಕೊಳ್ಳಬೇಕು, ಅದು ಸತ್ತಿದ್ದರೆ ಸೇವ್ ಆ ಕ್ಷಣವೇ ಅಳಿಸಿಹೋಗುತ್ತದೆ. ಮೊದಲ ತಲೆಮಾರಿನ ರೆಡ್, ಬ್ಲೂ ಕಾರ್ಟ್ರಿಜ್‌ಗಳ ಸೆಲ್‌ಗೆ ಸೇವ್ ಕಾಯುವುದೊಂದೇ ಕೆಲಸ. 1999ರಲ್ಲಿ ಬಂದ ಈ ಮುಂದಿನ ಭಾಗಕ್ಕೆ ನಿಜವಾದ ಗಡಿಯಾರ ಸೇರಿಸಿದರು. ಒಳಗೆ ಗಡಿಯಾರ ನಡೆಸುವ ಎಂಬಿಸಿ3 ಚಿಪ್ ಇದೆ, ಪಕ್ಕದಲ್ಲಿ 32.768 ಕಿಲೋಹರ್ಟ್ಸ್ ಸ್ಫಟಿಕ. ನೀವು ಆಡಲಿ ಬಿಡಲಿ ಅದು ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ, ಅದೇ ಸೆಲ್‌ನಿಂದ. ಆದ್ದರಿಂದಲೇ ಎಷ್ಟೋ ಕಡೆ ಹಳೆಯ ರೆಡ್‌ನ ಸೇವ್ ಇನ್ನೂ ಉಳಿದಿದ್ದರೂ ಗೋಲ್ಡ್‌ನದು ಹೋಗಿಬಿಟ್ಟಿರುತ್ತದೆ.

ಇನ್ನೊಂದು ಲಕ್ಷಣ ಗಮನಿಸಿ. ಸೇವ್ ಉಳಿಯುತ್ತದೆ, ಆದರೆ ಆಫ್ ಮಾಡಿದ ಹೊತ್ತಿಗೇ ಗಡಿಯಾರ ನಿಂತಿರುತ್ತದೆ ಎಂದಾದರೆ ತಪ್ಪು ಸೆಲ್‌ನದಲ್ಲ. ಎರಡಕ್ಕೂ ಒಂದೇ ಸೆಲ್ ತಾನೆ? ಅಂಥ ಕಾರ್ಟ್ರಿಜ್ ಗಡಿಯಾರವೇ ಇಲ್ಲದ ನಕಲಿ ಆಗಿರುತ್ತದೆ, ಇಲ್ಲವೇ ಸ್ಫಟಿಕದ ಬೆಸುಗೆ ಬಿಟ್ಟಿರುತ್ತದೆ.

ಅಸಲಿಯನ್ನು ಗುರುತಿಸಲು: ಕೆಳಗಿನ ಪಿನ್‌ಗಳ ಮೇಲ್ಭಾಗದಲ್ಲಿ ಬೋರ್ಡ್ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿರುತ್ತದೆ. ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ತೆರೆಯದೆಯೇ ಕಾಣುತ್ತದೆ. ಮುಂದಿನ ಲೇಬಲ್ ಮೇಲೆ ಶಾಯಿಯಿಲ್ಲದೆ ಒತ್ತಿದ ಎರಡಂಕಿಯ ಗುರುತು ಇರುತ್ತದೆ, ಕೆಲವದರಲ್ಲಿ ಜೊತೆಗೆ ಒಂದು ಅಕ್ಷರವೂ ಇರುತ್ತದೆ. ಕ್ರಿಸ್ಟಲ್ ಆದರೆ ಕವಚ ಮಿನುಗು ಬೆರೆತ ಪಾರದರ್ಶಕ ನೀಲಿ.

ಮಲ್ಲಿಗೆ251:
ಹೆಸರು ಕಾಣುತ್ತದೆ, ಗುರುತೂ ಇದೆ. ಹಾಗಾದರೆ ಬದಲಿಸುವ ಕ್ರಮ ಪೂರ್ತಿ ತಿಳಿಸಿ. 25 ವಾಟ್‌ನ ಸಾಮಾನ್ಯ ಕಡ್ಡಿ ಸಾಕಾ?

ಬೆಸುಗೆಕಡ್ಡಿ:
ಸಾಕು, ತುದಿ ಚೊಕ್ಕವಾಗಿರಬೇಕು. ಶಾಖ ಹೊಂದಿಸುವ ಕಡ್ಡಿಯಿದ್ದರೆ 320ರಿಂದ 350 ಡಿಗ್ರಿ ಸೆಲ್ಸಿಯಸ್ ನಡುವೆ ಇಡಿ. ಬೆಸುಗೆ ತಂತಿ 60/40 ಅಥವಾ 63/37 ತವರ-ಸೀಸದ್ದು. ಸ್ವಲ್ಪ ಫ್ಲಕ್ಸ್, ಬೆಸುಗೆ ಹೀರುವ ತಾಮ್ರದ ಜಾಲರಿ, ಐಸೊಪ್ರೊಪೈಲ್ ಆಲ್ಕೋಹಾಲ್, ಮಲ್ಟಿಮೀಟರ್ ಬೇಕು. ತಿರುಪು ತೆಗೆಯಲು 3.8 ಮಿಲಿಮೀಟರ್ ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ತುದಿ. ಪೆನ್ನಿನ ಪ್ಲಾಸ್ಟಿಕ್ ಕರಗಿಸಿ ಒತ್ತುವ ಉಪಾಯಕ್ಕೆ ಹೋಗಬೇಡಿ, ಪ್ಲಾಸ್ಟಿಕ್ ಒಳಗೇ ಅಂಟಿಕೊಂಡರೆ ತಿರುಪು ಇನ್ನು ಬರುವುದೇ ಇಲ್ಲ.

ಸೆಲ್ ಕೊಳ್ಳುವಾಗ ಟ್ಯಾಗ್ ಇರುವ ಸಿಆರ್2025 ಎಂದೇ ಕೇಳಿ, ಅಂದರೆ ಎರಡೂ ಬದಿಗೆ ತಗಡಿನ ನಾಲಿಗೆ ವೆಲ್ಡ್ ಮಾಡಿರುವಂಥದ್ದು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಹಳೆಯ ಸೆಲ್‌ನ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ, ನಾಲಿಗೆಗಳು ಯಾವ ದಿಕ್ಕಿಗೆ ಚಾಚಿವೆ ಎನ್ನುವುದೇ ಮುಖ್ಯ. ದಿಕ್ಕು ತಪ್ಪಿದರೆ ಬಗ್ಗಿಸಬೇಕಾಗುತ್ತದೆ, ಬಗ್ಗಿಸುವಾಗ ವೆಲ್ಡ್ ಕಿತ್ತುಬರುತ್ತದೆ. ಸಿಆರ್2032 ಹಾಕುವವರಿದ್ದಾರೆ. ಅದರ ಸಾಮರ್ಥ್ಯ ಜಾಸ್ತಿ ನಿಜ, ಆದರೆ 2.5 ಮಿಲಿಮೀಟರ್ ದಪ್ಪಕ್ಕೆ ಬದಲಾಗಿ 3.2 ಆಗುತ್ತದೆ. ಕವಚ ಉಬ್ಬುತ್ತದೆ, ಸ್ಲಾಟ್‌ನಲ್ಲಿ ಬಿಗಿಯಾಗುತ್ತದೆ. ನನ್ನ ಸಲಹೆ 2025 ಮಾತ್ರ.

ತಿರುಪು ತೆಗೆದ ಮೇಲೆ ಕವಚದ ಒಂದು ಅರ್ಧವನ್ನು ತುಸು ಕೆಳಕ್ಕೆ ಸರಿಸಿ ಆಮೇಲೆ ಎತ್ತಿ. ನೇರ ಎಳೆದರೆ ಮೇಲಿನ ಕೊಕ್ಕೆ ಮುರಿಯುತ್ತದೆ. ಬೋರ್ಡ್ ಮೇಲೆ ಪ್ಲಸ್, ಮೈನಸ್ ಎರಡೂ ಅಚ್ಚಾಗಿರುತ್ತವೆ. ಹಳೆಯ ಬೆಸುಗೆಗೆ ಮೊದಲು ಒಂದು ಚೂರು ಹೊಸ ಬೆಸುಗೆ ಸೇರಿಸಿ. ಇಪ್ಪತ್ತೈದು ವರ್ಷದ ಒಣ ಬೆಸುಗೆ ಒಂಟಿಯಾಗಿ ಕರಗುವುದಿಲ್ಲ, ಹೊಸದು ಬೆರೆತರೆ ಎರಡು ಮೂರು ಸೆಕೆಂಡಿನಲ್ಲಿ ನೀರಾಗುತ್ತದೆ. ಕರಗಿದ್ದಾಗಲೇ ನಾಲಿಗೆಯನ್ನು ಚಿಮಟದಿಂದ ಮೆಲ್ಲಗೆ ಎತ್ತಿ. ಹೆಚ್ಚಿನ ಬೋರ್ಡ್‌ಗಳು ಹಾಳಾಗುವುದು ಇಲ್ಲೇ: ಕರಗುವ ಮುಂಚೆಯೇ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ, ತಾಮ್ರದ ಪ್ಯಾಡ್ ಬೋರ್ಡ್‌ನಿಂದಲೇ ಎದ್ದುಬರುತ್ತದೆ. ಆಮೇಲೆ ಹಾದಿ ಹುಡುಕಿ ತೆಳು ತಂತಿ ಎಳೆಯುವ ಕೆಲಸ.

ಪ್ಯಾಡ್ ಎರಡನ್ನೂ ಜಾಲರಿಯಿಂದ ಸಪಾಟು ಮಾಡಿ, ಆಲ್ಕೋಹಾಲ್‌ನಿಂದ ಒರೆಸಿ, ಹೊಸ ಸೆಲ್‌ನ ಮೈನಸ್ ನಾಲಿಗೆ ಮೊದಲು, ಪ್ಲಸ್ ಆಮೇಲೆ ಬೆಸೆಯಿರಿ. ಮುಚ್ಚುವ ಮುಂಚೆ ಎರಡು ಪ್ಯಾಡ್‌ಗಳ ನಡುವೆ ಮೀಟರ್ ಇಡಿ, 3.0ರಿಂದ 3.3 ವೋಲ್ಟ್ ಬರಬೇಕು. ಮೈನಸ್ ಗುರುತಿನೊಂದಿಗೆ ಬಂದರೆ ಸೆಲ್ ಉಲ್ಟಾ, ಕೂಡಲೇ ತೆಗೆಯಿರಿ.

ಎರಡು ಮಾತು ಒತ್ತಿ ಹೇಳುತ್ತೇನೆ. ಬರಿಯ ನಾಣ್ಯದ ಸೆಲ್ ಮೈಮೇಲೆ ನೇರವಾಗಿ ಬೆಸೆಯಬೇಡಿ. ಲಿಥಿಯಂ ಸೆಲ್ ಬಿಸಿಗೆ ಉಬ್ಬಿ ಸಿಡಿಯಬಹುದು. ಟೇಪ್ ಹಾಕಿ ಒತ್ತಿ ಕೂರಿಸುವುದೂ ಬೇಡ. ಮೊದಲ ದಿನ ಚೆನ್ನಾಗಿಯೇ ನಡೆಯುತ್ತದೆ, ಒಮ್ಮೆ ಕೈಜಾರಿ ಬಿದ್ದರೆ ಅರೆಕ್ಷಣ ಸಂಪರ್ಕ ತಪ್ಪುತ್ತದೆ, ಸೇವ್ ಕಳೆದುಹೋಗಲು ಅಷ್ಟೇ ಸಾಕು.

ಗೋಲ್ಡನ್‌ರಾಡ್ ಗೆಳೆಯ:
ಬ್ಯಾಟರಿ ಇನ್ನೂ ಜೀವಂತ ಇರುವವರು ಏನು ಮಾಡಬೇಕು? ಒಳಗೆ 251 ಪೋಕೆಮಾನ್ ತುಂಬಿರುವ ಸೇವ್ ಇದ್ದರೆ?

ಬೆಸುಗೆಕಡ್ಡಿ:
ಮೊದಲು ಪ್ರತಿ ತೆಗೆಯಿರಿ, ಆಮೇಲೆ ಕಡ್ಡಿ ಬಿಸಿ ಮಾಡಿ. ಜಿಬಿಎಕ್ಸ್‌ಕಾರ್ಟ್ ಎಂಬ ಯುಎಸ್‌ಬಿ ಸಾಧನ, ಅದರ ಜೊತೆ ಫ್ಲ್ಯಾಶ್‌ಜಿಬಿಎಕ್ಸ್ ತಂತ್ರಾಂಶ. ಕಾರ್ಟ್ರಿಜ್ ಕೂರಿಸಿ ಸೇವ್ ಓದಿದರೆ ಕ್ಷಣದಲ್ಲಿ ಫೈಲ್ ಸಿಗುತ್ತದೆ. ಗಡಿಯಾರದ ದತ್ತಾಂಶವನ್ನೂ ಸೇರಿಸುವ ಆಯ್ಕೆ ಇದೆ, ಗುರುತು ಹಾಕಿಕೊಳ್ಳಿ. ಎರಡು ಸಲ ಓದಿ ಎರಡೂ ಫೈಲಿನ ಸೇವ್ ಭಾಗ ಒಂದೇ ಇದೆಯೇ ಎಂದು ಹೋಲಿಸಿ. ಪಿನ್ ಕೊಳೆಯಾಗಿದ್ದರೆ ಓದುವಾಗ ತಪ್ಪು ನುಸುಳುತ್ತದೆ.

ಸಾಧನ ಸಿಗದಿದ್ದರೆ ಲಿಂಕ್ ಕೇಬಲ್ ಹಾಕಿ ಮುಖ್ಯವಾದವನ್ನು ಇನ್ನೊಂದು ಕಾರ್ಟ್ರಿಜ್‌ಗೆ ಕಳಿಸಿ, ವಸ್ತುಗಳನ್ನೂ ಕೈಯಲ್ಲಿ ಹಿಡಿಸಿ ಕಳಿಸಬಹುದು. ಗೇಮ್‌ಬಾಯ್ ಆನ್ ಇಟ್ಟುಕೊಂಡೇ ಸೆಲ್ ಬದಲಿಸುವ ವಿಧಾನವನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಆಗ ಬೋರ್ಡ್‌ನಲ್ಲಿ 5 ವೋಲ್ಟ್ ಹರಿಯುತ್ತಿರುತ್ತದೆ, ಕಡ್ಡಿಯ ತುದಿ ಪಕ್ಕದ ಕಾಲಿಗೆ ತಗುಲಿದರೆ ಚಿಪ್ಪೇ ಹೋಗಬಹುದು. ಸೇವ್ ಉಳಿಸಲು ಹೋಗಿ ಕಾರ್ಟ್ರಿಜ್ ಕಳೆದುಕೊಳ್ಳುವುದು ಬೇಡ.

ಹೂಟ್‌ಹೂಟ್:
ಸೆಲ್ ಆಯಿತು, ಈಗ ಗಡಿಯಾರ. ಹೊಸ ಆಟವಾದರೆ ಪ್ರೊಫೆಸರ್ ಓಕ್ ಸಮಯ ಕೇಳುತ್ತಾರೆ, ಮನೆಯಲ್ಲಿ ಅಮ್ಮ ವಾರ ಕೇಳುತ್ತಾಳೆ. ಡೇಲೈಟ್ ಸೇವಿಂಗ್ ಇದೆಯೇ ಎಂದೂ ಕೇಳುತ್ತಾಳೆ. ಭಾರತದಲ್ಲಿ ಇಲ್ಲ, ನೋ ಎನ್ನಿ.

ಹಳೆಯ ಸೇವ್ ವಾಪಸ್ ಹಾಕಿದವರಿಗೆ ಗಡಿಯಾರ ತಪ್ಪಿರಬಹುದು. ಅದನ್ನು ಸರಿಪಡಿಸಲು ಆಟದೊಳಗೆ ಮೆನು ಇಲ್ಲ, ಗುಪ್ತ ದಾರಿ ಇದೆ. ಗೋಲ್ಡ್, ಸಿಲ್ವರ್‌ನಲ್ಲಿ ಟೈಟಲ್ ಪರದೆ ಬಂದಾಗ ಕೆಳಬಾಣ, ಸೆಲೆಕ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿ. ಕ್ರಿಸ್ಟಲ್‌ನಲ್ಲಿ ಇನ್ನೊಂದು ಹೆಜ್ಜೆ: ಆ ಮೂರನ್ನು ಒತ್ತಿ ಹಿಡಿದು, ಸೆಲೆಕ್ಟ್ ಬಿಡದೆ ಕೆಳಬಾಣ ಮತ್ತು ಬಿ ಬಿಟ್ಟು, ಎಡಬಾಣ ಮತ್ತು ಮೇಲ್ಬಾಣ ಒತ್ತಿ, ಕೊನೆಗೆ ಸೆಲೆಕ್ಟ್ ಬಿಡಿ. ಆಗ ಐದಂಕಿಯ ಪಾಸ್‌ವರ್ಡ್ ಕೇಳುತ್ತದೆ. ಅದು ನಿಮ್ಮ ಆಟಗಾರನ ಹೆಸರು, ಐಡಿ ಸಂಖ್ಯೆ, ಕೈಯಲ್ಲಿರುವ ಹಣ ಈ ಮೂರರಿಂದ ಲೆಕ್ಕವಾಗುತ್ತದೆ. ಲೆಕ್ಕ ಹಾಕಿಕೊಡುವ ಪುಟಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಕೊನೆಯ ಸೇವ್‌ನಲ್ಲಿದ್ದ ಹಣವನ್ನೇ ಹಾಕಬೇಕು, ಅಮ್ಮನ ಬಳಿ ಕೂಡಿಟ್ಟದ್ದು ಲೆಕ್ಕಕ್ಕಿಲ್ಲ. ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ಪಾಸ್‌ವರ್ಡ್ ತಪ್ಪು ಎಂದು ಬಂದರೆ ಬಹುತೇಕ ಈ ಎರಡರಲ್ಲಿ ಒಂದು ಕಾರಣ.

ಇನ್ನು ಎಚ್ಚರ: ಕೆಳಬಾಣದ ಬದಲು ಮೇಲ್ಬಾಣ, ಸೆಲೆಕ್ಟ್, ಬಿ ಒತ್ತಿದರೆ ಇಡೀ ಸೇವ್ ಅಳಿಸಲೇ ಎಂದು ಕೇಳುವ ಪರದೆ ಬರುತ್ತದೆ. ಕೇಳಿದ್ದು ಪಾಸ್‌ವರ್ಡ್ ಅಲ್ಲ ಎಂದಾದರೆ ಎ ಒತ್ತದೆ ಗೇಮ್‌ಬಾಯ್ ಆಫ್ ಮಾಡಿ.

ಸ್ಪ್ರೌಟ್ ಟವರ್:
ಗಡಿಯಾರಕ್ಕೆ ಇಷ್ಟು ಕಷ್ಟಪಡಬೇಕಾ? ಕಥೆ ಮುಗಿಸಲು ಅದು ಬೇಡವಲ್ಲ.

ಹೂಟ್‌ಹೂಟ್:
ಹದಿನಾರು ಬ್ಯಾಡ್ಜ್ ಗೆದ್ದು ಮೌಂಟ್ ಸಿಲ್ವರ್‌ನಲ್ಲಿ ರೆಡ್‌ನ 81ನೇ ಲೆವೆಲ್ ಪಿಕಾಚುವನ್ನು ಸೋಲಿಸಲು ಗಡಿಯಾರ ಬೇಡ, ನಿಜ. ಆದರೆ ಈ ಆಟದ ಸೊಗಸು ಇರುವುದೇ ಅದರಲ್ಲಿ. ಬೆಳಿಗ್ಗೆ 4ರಿಂದ 9:59 ಮುಂಜಾನೆ, 10ರಿಂದ ಸಂಜೆ 5:59 ಹಗಲು, 6ರಿಂದ ಮರುದಿನ 3:59 ರಾತ್ರಿ. ಕ್ರಿಸ್ಟಲ್‌ನಲ್ಲಿ ಅದೇ ಹುಲ್ಲಿನಲ್ಲಿ ಬೆಳಿಗ್ಗೆ ಲೆಡಿಬಾ, ರಾತ್ರಿ ಸ್ಪಿನರಾಕ್. ನಿಮ್ಮ ಹೆಸರಿನದೇ ಸ್ಪ್ರೌಟ್ ಟವರ್‌ನಲ್ಲಿ ರಾತ್ರಿ ಹೋಗದೆ ಗ್ಯಾಸ್ಟ್ಲಿ ಸಿಗುವುದಿಲ್ಲ.

ವಾರದ ಲೆಕ್ಕ ಇನ್ನೂ ಸ್ವಾರಸ್ಯ. ಯೂನಿಯನ್ ಕೇವ್‌ನ ಅತಿ ಕೆಳಗಿನ ಕೊಳದಲ್ಲಿ ಲ್ಯಾಪ್ರಸ್ ಕಾಣುವುದು ಶುಕ್ರವಾರ ಮಾತ್ರ. ಅಲ್ಲಿಗೆ ನೀರಿನ ಮೇಲೆ ಸಾಗಿಸುವ ಸರ್ಫ್ ಬೇಕು. ನ್ಯಾಷನಲ್ ಪಾರ್ಕ್‌ನ ಕೀಟ ಹಿಡಿಯುವ ಸ್ಪರ್ಧೆ ಮಂಗಳ, ಗುರು, ಶನಿವಾರ. 20 ಪಾರ್ಕ್ ಬಾಲ್, 20 ನಿಮಿಷ. ಆ ನಿಮಿಷಗಳೂ ಇದೇ ಗಡಿಯಾರದವು. ಮೊದಲ ಬಹುಮಾನ ಸನ್ ಸ್ಟೋನ್. ಸೋಮವಾರ ರಾತ್ರಿ ಮೌಂಟ್ ಮೂನ್ ಹೊರಗಿನ ಚೌಕದಲ್ಲಿ ಕ್ಲೆಫೇರಿಗಳು ಕುಣಿಯುತ್ತವೆ. ಅವು ಓಡಿದ ಮೇಲೆ ಅಲ್ಲಿನ ಬಂಡೆಯನ್ನು ರಾಕ್ ಸ್ಮ್ಯಾಶ್‌ನಿಂದ ಒಡೆದರೆ ಮೂನ್ ಸ್ಟೋನ್.

ವಾರದ ಹೆಸರಿನ ಏಳು ಅಕ್ಕತಮ್ಮಂದಿರು ತಂತಮ್ಮ ದಿನ ಮಾತ್ರ ನಿಂತಿದ್ದು ಒಂದೊಂದು ವಸ್ತು ಕೊಡುತ್ತಾರೆ: ಸೋಮ ಮೋನಿಕಾ ರೂಟ್ 40ರಲ್ಲಿ ಶಾರ್ಪ್ ಬೀಕ್, ಮಂಗಳ ಟಸ್ಕನಿ ರೂಟ್ 29ರಲ್ಲಿ ಪಿಂಕ್ ಬೋ, ಬುಧ ವೆಸ್ಲಿ ಲೇಕ್ ಆಫ್ ರೇಜ್‌ನಲ್ಲಿ ಬ್ಲ್ಯಾಕ್ ಬೆಲ್ಟ್, ಗುರು ಆರ್ಥರ್ ರೂಟ್ 36ರಲ್ಲಿ ಹಾರ್ಡ್ ಸ್ಟೋನ್, ಶುಕ್ರ ಫ್ರೀಡಾ ರೂಟ್ 32ರಲ್ಲಿ ಪಾಯ್ಸನ್ ಬಾರ್ಬ್, ಶನಿ ಸ್ಯಾಂಟೋಸ್ ಬ್ಲ್ಯಾಕ್‌ಥಾರ್ನ್‌ನಲ್ಲಿ ಸ್ಪೆಲ್ ಟ್ಯಾಗ್, ಭಾನು ಸನ್ನಿ ರೂಟ್ 37ರಲ್ಲಿ ಮ್ಯಾಗ್ನೆಟ್.

ಏಪ್ರಿಕಾರ್ನ್:
ಕರ್ಟ್ ಅಜ್ಜನನ್ನು ಬಿಟ್ಟಿರಲ್ಲ! ಏಪ್ರಿಕಾರ್ನ್ ಮರಗಳು ದಿನಕ್ಕೊಂದು ಕಾಯಿ ಕೊಡುತ್ತವೆ, ಅಜೇಲಿಯಾದಲ್ಲಿ ಕರ್ಟ್‌ಗೆ ಕೊಟ್ಟರೆ ಮರುದಿನ ಪೋಕೆಮಾನ್ ಹಿಡಿಯುವ ಬಾಲ್ ತಯಾರು. ಗೋಲ್ಡ್, ಸಿಲ್ವರ್‌ನಲ್ಲಿ ಒಂದು ಸಲಕ್ಕೆ ಒಂದೇ, ಕ್ರಿಸ್ಟಲ್‌ನಲ್ಲಿ ಒಂದೇ ಬಣ್ಣದ ಹಲವನ್ನು ಒಟ್ಟಿಗೆ ಕೊಡಬಹುದು. ಕೆಂಪು ಲೆವೆಲ್ ಬಾಲ್, ನೀಲಿ ಲೂರ್, ಹಳದಿ ಮೂನ್, ಹಸಿರು ಫ್ರೆಂಡ್, ಗುಲಾಬಿ ಲವ್, ಬಿಳಿ ಫಾಸ್ಟ್, ಕಪ್ಪು ಹೆವಿ.

ಗೋಲ್ಡನ್‌ರಾಡ್ ಗೆಳೆಯ:
ಬಿಳಿ ಕಾಯಿಗಳನ್ನೆಲ್ಲ ಕೂಡಿಡಿ. ಫಾಸ್ಟ್ ಬಾಲ್ ಓಡಿಹೋಗುವವಕ್ಕೆ 4 ಪಟ್ಟು, ಊರೂರು ಅಲೆಯುವ ರೈಕೌ, ಎಂಟೈಗೆ ಅದೇ ಮದ್ದು. ಪ್ಯಾರಲೈಸ್ ಮಾಡಿ ಎಸೆದರೆ ಆಯಿತು.

ಏಪ್ರಿಕಾರ್ನ್:
ಆ ಮಾತಿನ ಎರಡು ಭಾಗವೂ ಈ ಆಟದಲ್ಲಿ ನಡೆಯುವುದಿಲ್ಲ. ಫಾಸ್ಟ್ ಬಾಲ್ ಕೋಡ್‌ನಲ್ಲಿ ದೋಷವಿದೆ. ಓಡಿಹೋಗುವ ಪೋಕೆಮಾನ್‌ಗಳ ಪಟ್ಟಿಯಲ್ಲಿ ಮೊದಲ ಮೂರನ್ನು ಮಾತ್ರ ನೋಡುತ್ತದೆ: ಮ್ಯಾಗ್ನಮೈಟ್, ಗ್ರೈಮರ್, ಟ್ಯಾಂಗೆಲಾ. ರೈಕೌಗೆ ಅದು ಸಾದಾ ಪೋಕೆಬಾಲ್. ಮೂನ್ ಬಾಲ್ ಪರೀಕ್ಷಿಸುವ ವಸ್ತು ಮೂನ್ ಸ್ಟೋನ್ ಬದಲು ಬರ್ನ್ ಹೀಲ್, ಹಾಗಾಗಿ ಯಾವುದಕ್ಕೂ ಫಲವಿಲ್ಲ. ಲವ್ ಬಾಲ್ ವಿರುದ್ಧ ಲಿಂಗಕ್ಕೆ ಕೊಡಬೇಕಾದ 8 ಪಟ್ಟನ್ನು ಅದೇ ಲಿಂಗಕ್ಕೆ ಕೊಡುತ್ತದೆ. ಕಾಯಿ ಕೂಡಿಡುವುದಾದರೆ ಕೆಂಪು ಮತ್ತು ಕಪ್ಪು. ನಿಮ್ಮ ಲೆವೆಲ್ ಎದುರಿನದಕ್ಕಿಂತ ನಾಲ್ಕು ಪಟ್ಟು ಮೀರಿದ್ದರೆ ಲೆವೆಲ್ ಬಾಲ್ 8 ಪಟ್ಟು. 460 ಕಿಲೋ ತೂಗುವ ಸ್ನಾರ್ಲ್ಯಾಕ್ಸ್‌ಗೆ ಹೆವಿ ಬಾಲ್ ಹಿಡಿಯುವ ದರವನ್ನು 25ರಿಂದ 65ಕ್ಕೆ ಏರಿಸುತ್ತದೆ. ರೈಕೌ, ಎಂಟೈ, ಸುಯ್‌ಕ್ಯೂನ್ ಎಂಬ ಮೂರು ದೈತ್ಯ ಮೃಗಗಳ ತೂಕಕ್ಕೆ ಹೆವಿ ಬಾಲ್ ಏನನ್ನೂ ಕೂಡಿಸುವುದಿಲ್ಲ, ಅವಕ್ಕೆ ಅಲ್ಟ್ರಾ ಬಾಲ್ ಎಸೆಯಿರಿ.

ಪ್ಯಾರಲಿಸಿಸ್ ವಿಷಯವೂ ಹಾಗೆಯೇ. ವಿಷ, ಸುಟ್ಟಗಾಯ, ಪ್ಯಾರಲಿಸಿಸ್‌ಗೆ ಸೇರಬೇಕಾದ 5 ಅಂಕ ದೋಷದಿಂದ ಸೇರುವುದೇ ಇಲ್ಲ. ನಿದ್ದೆ ಮತ್ತು ಹಿಮಗಟ್ಟುವಿಕೆಗೆ ಮಾತ್ರ 10 ಸೇರುತ್ತದೆ. ಇದು ಚಿಕ್ಕದಲ್ಲ. ರೈಕೌನ ದರ 3, ಅಲ್ಟ್ರಾ ಬಾಲ್‌ನಲ್ಲಿ ಎರಡು ಪಟ್ಟು 6. ಪ್ರಾಣ ಅಂಚಿಗೆ ಬಂದಾಗ ಅಂತಿಮ ಸಂಖ್ಯೆ 255ಕ್ಕೆ 5ರ ಆಸುಪಾಸು. ನಿದ್ದೆಯಲ್ಲಿದ್ದರೆ 15. ಹೆಚ್ಚುಕಡಿಮೆ ಮೂರು ಪಟ್ಟು.

ಸ್ಪ್ರೌಟ್ ಟವರ್:
ನಿದ್ದೆ ಮಾಡಿಸುವ ಮುಂಚೆಯೇ ಓಡಿಹೋಗುತ್ತವಲ್ಲ? ಹುಡುಕುವುದೇ ಕಷ್ಟ, ಫ್ಲೈ ಮಾಡಿ ಹೋದರೆ ಬೇರೆ ಕಡೆ ಹಾರಿರುತ್ತವೆ.

ಏಪ್ರಿಕಾರ್ನ್:
ಫ್ಲೈ ಮಾಡಿ ಬೆನ್ನಟ್ಟಬೇಡಿ, ನೀವು ಹಾರಿದಾಗಲೆಲ್ಲ ಅವು ಚದುರುತ್ತವೆ. ಎಕ್ರುಟೀಕ್ ಸುತ್ತಲಿನ ರೂಟ್ 37, 38ರಲ್ಲಿ ಒಂದು ಬದಿಯಿಂದ ಇನ್ನೊಂದಕ್ಕೆ ದಾಟುತ್ತಾ ಇರಿ. ದಾಟಿದಾಗಲೆಲ್ಲ ಅವೂ ಜಾಗ ಬದಲಿಸುತ್ತವೆ. ಒಮ್ಮೆ ಎದುರಾದ ಮೇಲೆ ಪೋಕೆಡೆಕ್ಸ್‌ನ ಏರಿಯಾ ಪುಟ ಎಲ್ಲಿದೆ ಎಂದು ತೋರಿಸುತ್ತದೆ. ಅವು 40ನೇ ಲೆವೆಲ್. ನಿಮ್ಮ ಗುಂಪಿನ ಮೊದಲನೆಯದು ಸರಿಯಾಗಿ 40 ಇದ್ದು, ಅದಕ್ಕಿಂತ ಕಡಿಮೆ ಲೆವೆಲ್‌ನವನ್ನು ದೂರವಿಡುವ ರಿಪೆಲ್ ಹಾಕಿದರೆ ಉಳಿದ ಚಿಲ್ಲರೆಗಳು ಬರುವುದಿಲ್ಲ, ಇವು ಮಾತ್ರ ಬರುತ್ತವೆ. ಮೊದಲನೆಯದು 41 ಆದರೆ ಇವೂ ಬರುವುದಿಲ್ಲ, ಅದಕ್ಕೇ ಎಷ್ಟೋ ಜನ ಗಂಟೆಗಟ್ಟಲೆ ಸುತ್ತುತ್ತಾರೆ.

ಎಂಟೈಗೆ 40ನೇ ಲೆವೆಲ್‌ನ ಗೆಂಗಾರ್ ಮುಂದಿಡಿ, ಬಹುತೇಕ ಅದೇ ಮೊದಲು ಚಲಿಸುತ್ತದೆ. ಹಿಪ್ನಾಸಿಸ್ ತಗುಲಿದರೆ ನಿದ್ದೆಯಲ್ಲಿರುವಷ್ಟು ಹೊತ್ತು ಓಡುವುದಿಲ್ಲ. ರೈಕೌ ಗೆಂಗಾರ್‌ಗಿಂತ ಚುರುಕು. ಅದಕ್ಕೆ ಓಡದಂತೆ ತಡೆಯುವ ಮೀನ್ ಲುಕ್ ಪಟ್ಟು ಕಲಿತ ಕ್ರೋಬ್ಯಾಟ್ ಬೇಕು. ಝುಬ್ಯಾಟ್ ಆಗಿಯೇ ಬಿ ಒತ್ತಿ ವಿಕಾಸ ತಡೆದು 36ಕ್ಕೆ ತನ್ನಿ, ಮೀನ್ ಲುಕ್ ಕಲಿಯುತ್ತದೆ. ಅಲ್ಲೇ ಗೋಲ್ಬ್ಯಾಟ್ ಆಗಲು ಬಿಡಿ, ಸ್ನೇಹ ತುಂಬಿದ್ದರೆ 37ಕ್ಕೆ ಕ್ರೋಬ್ಯಾಟ್. ಮುಂಚೆಯೇ ವಿಕಾಸವಾದರೆ ಆ ಪಟ್ಟು ಸಿಗುವುದು 42ಕ್ಕೆ, ಆಗ ರಿಪೆಲ್ ಉಪಾಯ ಕೈಬಿಟ್ಟಂತೆಯೇ. ಎರಡು ತೊಡಕು ಇವೆ: ಕ್ರೋಬ್ಯಾಟ್ ಹಿಂದೆ ಕರೆದರೆ ಮೀನ್ ಲುಕ್ ಕಳಚುತ್ತದೆ, ಮತ್ತು ರೈಕೌ ರೋರ್ ಹಾಕಿದರೆ ಕಾಳಗ ಮುಗಿದಂತೆ. ಆದರೂ ಕಳೆದ ಪ್ರಾಣ ಕಳೆದಂತೆಯೇ ಉಳಿಯುತ್ತದೆ, ಮುಂದಿನ ಸಲ ಅಲ್ಲಿಂದಲೇ ಶುರು. ಕ್ರಿಸ್ಟಲ್ ಆಡುವವರಿಗೆ ಸುಯ್‌ಕ್ಯೂನ್ ಟಿನ್ ಟವರ್‌ನಲ್ಲಿ ನಿಂತೇ ಸಿಗುತ್ತದೆ, ಓಡುವುದಿಲ್ಲ.

ಲೇಕ್ ಆಫ್ ರೇಜ್:
ಹೊಳೆಯುವ ಬಣ್ಣದವುಗಳ ಬಗ್ಗೆ ಯಾರೂ ಎತ್ತಲಿಲ್ಲ. ಲೇಕ್ ಆಫ್ ರೇಜ್‌ನಲ್ಲಿ ಸಿಗುವ ಕೆಂಪು ಗ್ಯಾರಡೋಸ್‌ನಿಂದ ಮೊಟ್ಟೆ ಇಡಿಸಿದರೆ ಹೆಚ್ಚು ಸಿಗುತ್ತವೆ ಅಂತಾರೆ, ಲೆಕ್ಕ ಹೇಗೆ?

ಮೊಟ್ಟೆಮನೆ:
ಈ ತಲೆಮಾರಿನಲ್ಲಿ ಶೈನಿ, ಅಂದರೆ ಆ ಹೊಳೆಯುವ ಬಣ್ಣ, ಪ್ರತ್ಯೇಕ ಚೀಟಿ ಎತ್ತುವುದಲ್ಲ, ಪ್ರತಿ ಪೋಕೆಮಾನ್‌ಗೂ ಹುಟ್ಟಿನಿಂದ ಬರುವ ಗುಪ್ತ ಡಿವಿ ಅಂಕಗಳಿಂದಲೇ ತೀರ್ಮಾನ. ಡಿಫೆನ್ಸ್, ಸ್ಪೀಡ್, ಸ್ಪೆಷಲ್ ಮೂರೂ 10 ಇರಬೇಕು, ಅಟ್ಯಾಕ್ 2, 3, 6, 7, 10, 11, 14, 15ರಲ್ಲಿ ಒಂದಾಗಿರಬೇಕು. ಒಟ್ಟು ಸಾಧ್ಯತೆ 8192ರಲ್ಲಿ 1. ಕೆಂಪು ಗ್ಯಾರಡೋಸ್‌ನ ಅಂಕಗಳು ಸದಾ 14, 10, 10, 10. ಲಿಂಗವೂ ಅಟ್ಯಾಕ್ ಅಂಕದಿಂದಲೇ ಗೊತ್ತಾಗುವುದರಿಂದ ಅದು ಯಾವಾಗಲೂ ಗಂಡು.

ಮರಿಗೆ ವಿರುದ್ಧ ಲಿಂಗದ ಪೋಷಕರಿಂದ ಡಿಫೆನ್ಸ್ ಹಾಗೆಯೇ ಬರುತ್ತದೆ, ಸ್ಪೆಷಲ್ ಅದೇ ಅಂಕವೋ 8 ವ್ಯತ್ಯಾಸದ್ದೋ ಆಗಿ ಬರುತ್ತದೆ. ಅಂದರೆ ಹೆಣ್ಣು ಮರಿಗೆ ತಂದೆಯಿಂದ. ಡಿಫೆನ್ಸ್ ಖಚಿತ, ಸ್ಪೆಷಲ್ ಅರ್ಧ, ಅಟ್ಯಾಕ್ ಅರ್ಧ, ಸ್ಪೀಡ್ 16ರಲ್ಲಿ 1. ಗುಣಿಸಿದರೆ 64ರಲ್ಲಿ 1. ಗಂಡು ಮರಿಗಳಿಗೆ ಈ ಲಾಭ ಇಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಶೈನಿಗೆ ಶೈನಿ ಜೋಡಿ ಮಾಡಿ ಡೇಕೇರ್‌ನಲ್ಲಿ ಬಿಟ್ಟರೆ ಮೊಟ್ಟೆ ಬರುವುದೇ ಇಲ್ಲ. ಡಿಫೆನ್ಸ್ ಒಂದೇ ಇದ್ದು ಸ್ಪೆಷಲ್ ಒಂದೇ ಅಥವಾ 8 ವ್ಯತ್ಯಾಸ ಇದ್ದರೆ ಆಟ ಅವನ್ನು ರಕ್ತಸಂಬಂಧಿಗಳೆಂದು ಲೆಕ್ಕ ಹಾಕುತ್ತದೆ. ಎಲ್ಲ ಶೈನಿಗಳ ಆ ಎರಡು ಅಂಕ ಒಂದೇ ಆದ್ದರಿಂದ ಎಲ್ಲವೂ ನೆಂಟರು! ಶೈನಿ ಡಿಟ್ಟೊ ಆದರೂ ಅಷ್ಟೆ. ಜೊತೆಗಾರ ಸಾಮಾನ್ಯ ಬಣ್ಣದ್ದೇ ಇರಲಿ.

ಸ್ಪ್ರೌಟ್ ಟವರ್:
ಕಾರ್ಟ್ರಿಜ್ ಇಲ್ಲದೆ ಕಂಪ್ಯೂಟರ್, ಮೊಬೈಲ್‌ನ ಎಮ್ಯುಲೇಟರ್ ತಂತ್ರಾಂಶದಲ್ಲಿ ಆಡುವವರಿಗೆ ಈ ಗಡಿಯಾರ ನಡೆಯುತ್ತದಾ? ಪ್ರತಿ ಸಲ ತೆರೆದಾಗಲೂ ಅದೇ ರಾತ್ರಿ ಇದ್ದರೆ?

ಬೆಸುಗೆಕಡ್ಡಿ:
ಸೇವ್ ಫೈಲ್‌ನ ಗಾತ್ರ ನೋಡಿ. ಸರಿಯಾಗಿ 32,768 ಬೈಟ್ ಇದ್ದರೆ ಅದರಲ್ಲಿ ಗಡಿಯಾರದ ದತ್ತಾಂಶವೇ ಇಲ್ಲ. 32,812 ಅಥವಾ 32,816 ಇದ್ದರೆ ಕೊನೆಯ 44 ಅಥವಾ 48 ಬೈಟ್ ಗಡಿಯಾರದ್ದು. ಒಂದು ಎಮ್ಯುಲೇಟರ್‌ನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವಾಗ ಈ ಬಾಲ ಕತ್ತರಿಸಿ ಹೋಗುವುದುಂಟು. ಎಂಜಿಬಿಎ ಎಂಬ ಎಮ್ಯುಲೇಟರ್ ಅದನ್ನು ಸರಿಯಾಗಿ ಬರೆಯುತ್ತದೆ. ಬಾಲ ಹೋಗಿದ್ದರೆ ಹೂಟ್‌ಹೂಟ್ ಹೇಳಿದ ಪಾಸ್‌ವರ್ಡ್ ದಾರಿಯಿಂದ ಸಮಯ ಹೊಂದಿಸಿ ಆಟದೊಳಗೇ ಸೇವ್ ಮಾಡಿ. ಎಮ್ಯುಲೇಟರ್ ತಾನೇ ತೆಗೆದಿಡುವ ಸ್ಟೇಟ್ ಸೇವ್ ಮಾತ್ರ ನಂಬಬೇಡಿ, ಹಳೆಯ ಸ್ಟೇಟ್ ತೆರೆದರೆ ಗಡಿಯಾರ ಹಿಂದೆ ಮುಂದೆ ಆಗಬಹುದು.

3ಡಿಎಸ್‌ನ ಅಧಿಕೃತ ಆವೃತ್ತಿಯಲ್ಲಿ ಸೆಲ್‌ನ ಚಿಂತೆಯೇ ಇಲ್ಲ. ಗೋಲ್ಡ್, ಸಿಲ್ವರ್ ಅಲ್ಲಿಗೆ 2017ರ ಸೆಪ್ಟೆಂಬರ್‌ನಲ್ಲಿ, ಕ್ರಿಸ್ಟಲ್ 2018ರ ಜನವರಿಯಲ್ಲಿ ಬಂದವು. 2023ರ ಮಾರ್ಚ್ 27ರಿಂದ ಹೊಸದಾಗಿ ಕೊಳ್ಳಲಾಗದು, ಅದಕ್ಕೆ ಮುಂಚೆ ಕೊಂಡವರು ಮಾತ್ರ ಆಡಬಹುದು. ಆ ಕ್ರಿಸ್ಟಲ್‌ನಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೇಲೆ ಸೆಲೆಬಿ ಎಂಬ ಪೋಕೆಮಾನ್ ಬರಿಸುವ ಜಿಎಸ್ ಬಾಲ್ ಕೂಡ ಸಿಗುತ್ತದೆ.

ಮಲ್ಲಿಗೆ251:
ಟ್ಯಾಗ್ ಇರುವ ಸೆಲ್ ಬೆಸೆದಾಯಿತು, ಮೀಟರ್ 3.2 ತೋರಿಸುತ್ತಿದೆ, ಸೇವ್ ನಿಲ್ಲುತ್ತಿದೆ. ಕೊನೆಯ ಪ್ರಶ್ನೆ: ಆಟದಲ್ಲಿ ಬಿಲ್ ಕೊಡುವ ಈವಿ ವಿಕಾಸವಾಗಿ ಅಂಬ್ರಿಯಾನ್ ಆಗಬೇಕು, ಹೇಗೆ?

ಹೂಟ್‌ಹೂಟ್:
ಬಹಳ ಸಂತೋಷ! ಸ್ನೇಹ 220 ಮುಟ್ಟಬೇಕು, ಆಮೇಲೆ ಸಂಜೆ 6ರಿಂದ ಬೆಳಗಿನ ಜಾವ 3:59ರೊಳಗೆ ಲೆವೆಲ್ ಏರಬೇಕು. ಬೆಳಕಿದ್ದಾಗ ಏರಿದರೆ ಎಸ್ಪಿಯಾನ್ ಆಗಿಬಿಡುತ್ತದೆ, ಹಾಗಾಗಿ ಹಗಲಿನಲ್ಲಿ ಏರುವ ಹಂತಕ್ಕೆ ಬಂದರೆ ಬಿ ಒತ್ತಿ ತಡೆಯಿರಿ. ಸ್ನೇಹ ಬೆಳೆಸಲು ಗೋಲ್ಡನ್‌ರಾಡ್ ಸುರಂಗದ ಕ್ಷೌರಿಕ ಸಹೋದರರಿದ್ದಾರೆ: ಅಣ್ಣ ಮಂಗಳ, ಗುರು, ಶನಿ, ತಮ್ಮ ಭಾನು, ಬುಧ, ಶುಕ್ರ. ದಿನಕ್ಕೆ ಒಂದೇ ಸಲ. ಮೂರ್ಛೆ ಹೋಗಲು ಬಿಡಬೇಡಿ, ಕಹಿ ಔಷಧಿ ಕೊಡಬೇಡಿ, ಎರಡೂ ಸ್ನೇಹ ಇಳಿಸುತ್ತವೆ. ಎಷ್ಟಾಗಿದೆ ಎಂದು ಅದೇ ಊರಿನ ಒಂದು ಮನೆಯ ಹೆಂಗಸು ಹೇಳುತ್ತಾಳೆ.